ತಾಳಿಸರದ ಪಿನ್ನು

ಬಿಟಿಎಂ ಲೇಔಟ್, ಬೆಂಗಳೂರು
ಭಾನುವಾರ, 12 ಸೆಪ್ಟೆಂಬರ್ 2004

ಪ್ರೀತಿಯ ಚನ್ನವೀರ ಅವರೇ,

(ಗಂಡನನ್ನು ಹೆಸರು ಹಿಡಿದು ಕರೆದೆನೆಂದು ಅತ್ತೆಗೆ ಹೇಳಬೇಡಿ.) ಜರ್ಮನಿಯ ಚಳಿಗೆ ಕೆಮ್ಮು ಹೆಚ್ಚಿಲ್ಲ ತಾನೇ? ಅತ್ತೆ ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿಯಿತೇ? ನಮ್ಮ ಪ್ರಯೋಗದ ಬಗ್ಗೆ ಅಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದಿರಂತೆ. 'ನಮ್ಮ' ಎಂದು ಬರೆದುಬಿಟ್ಟೆ. ಪೇಪರಿನಲ್ಲಿ ನನ್ನ ಹೆಸರೇ ಇಲ್ಲವಲ್ಲ, ಮರೆತಿದ್ದೆ.

ಪರಮಾಣುಗಳನ್ನು ಹಿಡಿದು ನಿಲ್ಲಿಸಿದರೆ ಸಾಲದು, ಸುತ್ತಲಿನ ಕಾಂತಕ್ಷೇತ್ರ ಒಂದಿಷ್ಟೂ ಅಲುಗಬಾರದು. ಅದಕ್ಕೆ ಬೇಕಾದ ತಾಮ್ರದ ಕಾಯಿಲುಗಳನ್ನು ಸುತ್ತಿದವಳು ನಾನು. ಅವಕ್ಕೆ ಹರಿಯುವ ಕರೆಂಟು ಏರಿಳಿಯದ ಹಾಗೆ ಸರ್ಕ್ಯೂಟ್ ಕಟ್ಟಿದವಳೂ ನಾನೇ. ಆದರೂ ನಾವಿಬ್ಬರೂ ಲ್ಯಾಬಿಗೆ ಬಂದ ಮೇಲೆ ಫೀಲ್ಡ್ ಅಳೆಯುವ ಮೀಟರಿನ ಅಂಕಿ ಜಿಗಿಯುತ್ತಿತ್ತು. ಆಗ ಗೈಡ್ ಮುಂದೆ, ಎಲ್ಲರೆದುರು ನಗುತ್ತ ಹೇಳಿದಿರಿ: "ನಮ್ಮನೆಯವಳ ತಾಳಿಸರದಲ್ಲಿ ಸೇಫ್ಟಿ ಪಿನ್ ತೂಗಾಡ್ತಿರುತ್ತೆ ಸಾರ್. ಅವಳು ಬಂದಾಗ್ಲೇ ಫೀಲ್ಡ್ ಕೆಡೋದು." ಪಿನ್ನುಗಳನ್ನು ಬಾಗಿಲಲ್ಲೇ ತೆಗೆದಿಡುತ್ತೇನೆ ಎಂದೆ. "ಒಂದು ಮರೆತಿರ್ತೀಯ ಬಿಡು" ಎಂದಿರಿ. ಎಲ್ಲರೂ ನಕ್ಕರು. ಗೈಡ್ ನನ್ನನ್ನು ಬಿಎಸ್ಸಿ ಹುಡುಗರ ಪ್ರಾಕ್ಟಿಕಲ್‌ಗೆ ಅಟ್ಟಿದರು, ಅಂದಿನಿಂದ ನಾನು ಬೆಳಗ್ಗೆ ಬೇಗ ಬಸ್ಸಿನಲ್ಲೇ ಹೋಗತೊಡಗಿದೆ. ಕೆಲವೇ ದಿನಗಳಲ್ಲಿ ಮೀಟರು ಕಲ್ಲಿನ ಹಾಗೆ ನಿಂತಿತು. ಪಿನ್ನಿನದೇ ತಪ್ಪೆಂದು ನಾನೂ ನಂಬಿದೆ ರೀ. ಕನ್ನಡಿ ಮುಂದೆ ನಿಂತು ಅತ್ತಿದ್ದೇನೆ.

ನಿನ್ನೆ ಬಸ್ಸು ತಪ್ಪಿತೆಂದು ನಿಮ್ಮ ಸ್ಕೂಟರನ್ನೇ ತೆಗೆದುಕೊಂಡು ಹೋದೆ. ಒಟ್ಟಿಗೆ ಬರುತ್ತಿದ್ದಾಗ ನೀವು ನಿಲ್ಲಿಸುತ್ತಿದ್ದ ಜಾಗದಲ್ಲೇ, ಲ್ಯಾಬಿನ ಗೋಡೆಗೆ ಆನಿಸಿ ನಿಲ್ಲಿಸಿದೆ. ವಾಚ್‌ಮನ್ ಏಕಾಂತಯ್ಯ ಓಡಿ ಬಂದ. "ಅಲ್ಲಿ ಬೇಡ ಮೇಡಂ, ಒಳಗೆ ಎಕ್ಸ್‌ಪೆರಿಮೆಂಟ್ ಕೆಡುತ್ತಂತೆ. ಫಾರಿನ್‌ಗೆ ಹೋಗೋಕೆ ಮುಂಚೆ ನಿಮ್ಮ ಸಾರೇ ಹೇಳವ್ರೆ. ನೀವು ಈ ಲ್ಯಾಬ್ ಬಿಟ್ಟ ಮೇಲೆ ಅವರ ಗಾಡೀನೂ ದೂರ ಹುಣಸೆಮರದ ಕೆಳಗೆ ಹಾಕ್ತಿದ್ರು."

ಒಳಗೆ ಹೋಗಿ ಮೀಟರು ನೋಡಿದೆ. ಅದೇ ಜಿಗಿತ. ಸ್ಕೂಟರನ್ನು ದೂರ ತಳ್ಳಿ ಬಂದು ನೋಡಿದೆ, ಅಂಕಿ ಇಳಿದು ನಿಂತಿತ್ತು. ಪಿನ್ನುಗಳನ್ನೆಲ್ಲ ಸರಕ್ಕೆ ಸಿಕ್ಕಿಸಿಕೊಂಡು ಹಿಂದೆ ನಿಲ್ಲುತ್ತಿದ್ದ ಕಡೆಯೇ ನಿಂತೆ. ಮೀಟರು ಮಿಸುಕಲಿಲ್ಲ. ನಾನು ಬಂದಾಗಲೇ ಕೆಡುತ್ತಿದ್ದುದು ನಿಜ, ನಾನು ಬರುತ್ತಿದ್ದುದು ನಿಮ್ಮ ಸ್ಕೂಟರಿನ ಹಿಂದಿನ ಸೀಟಿನಲ್ಲಿ ತಾನೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗೊತ್ತಿಲ್ಲದೆ ಹಾಕಿದ್ದರೆ ನುಂಗಿಕೊಳ್ಳುತ್ತಿದ್ದೆ. ಗೊತ್ತಾದ ಮೇಲೂ ಪಕ್ಕದಲ್ಲೇ ಕೂತು ಊಟ ಮಾಡಿದಿರಿ, ಒಂದು ಮಾತು ಹೇಳಲಿಲ್ಲ. ಅದನ್ನು ಹೇಗೆ ಮರೆಯಲಿ?

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಸ್ವೆಟರ್ ಹಾಕಿಕೊಳ್ಳಿ.

ಇಂತಿ,
ಕಾತ್ಯಾಯಿನಿ

ತಾ.ಕ.: ನಾಳೆ ಗ್ರೂಪ್ ಮೀಟಿಂಗ್ ಇದೆ. ಅಷ್ಟೂ ಜನರೆದುರು ಇದನ್ನೆಲ್ಲ ಮಾಡಿ ತೋರಿಸಿ, ಪೇಪರಿನಲ್ಲಿ ನನ್ನ ಹೆಸರು ಕೇಳುತ್ತೇನೆ. ಇಮೇಲ್ ಮಾಡಿದ್ದರೆ ಇವತ್ತೇ ಫೋನ್ ಮಾಡಿ ಬೇಡ ಅನ್ನುತ್ತಿದ್ದಿರಿ, ನಾನೂ ಹೂಂ ಅಂದುಬಿಡುತ್ತಿದ್ದೆ. ಅದಕ್ಕೇ ಅಂಚೆಗೆ ಹಾಕುತ್ತಿದ್ದೇನೆ.