ಎಡಗಡೆಯ ಚೀಲ

ಇಳಕಲ್ಲ
೧೪-೨-೧೯೭೬

ನನ್ನ ಯಜಮಾನರ ಪಾದಕ್ಕೆ ಸಾವಿತ್ರೆವ್ವ ಮಾಡುವ ನಮಸ್ಕಾರಗಳು.

ಕಣ್ಣಿನ ಆಪರೇಶನ್ ಆಗಿ ಆರು ದಿನವಾಯಿತು. ಪಟ್ಟಿಯೊಳಗೆ ತುರಿಸಿದರೂ ಕೈ ಹಚ್ಚಬೇಡಿರಿ. ಬಿಚ್ಚಿದ ಮೇಲೆಯೇ ದೃಷ್ಟಿ ತಿಳಿಯುವುದೆಂದು ಡಾಕ್ಟರು ಅಂದದ್ದು ತಲೆ ಕೊರೆಯುತ್ತಿದೆ. ಮಿರಜದ ನೀರು ಒಗ್ಗಿತೋ ಇಲ್ಲವೋ, ನಿಮ್ಮ ತಮ್ಮ ಗುರಪ್ಪ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಾನೋ ಇಲ್ಲವೋ. ಈ ಕಾಗದ ಓದಿ ಹೇಳುವವನೂ ಅವನೇ. ತಿಳಿಯದ ಅಕ್ಷರ ಬಿಟ್ಟು ಓದಲಿ, ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು.

ನನ್ನಿಂದ ಒಂದು ತಪ್ಪಾಗಿದೆ. ಬಂಗಾರದ ಅಂಗಡಿ ತೆಗೆಯಬೇಡವೆಂದು ಹೇಳಿ ಹೋಗಿದ್ದಿರಿ. ಸೋಮವಾರ ನೇಕಾರರ ಓಣಿಯ ಮಾಯವ್ವ ಬಂದು ಕಟ್ಟೆಯ ಮೇಲೆ ಕುಳಿತಳು. ಮಗಳ ಹೆರಿಗೆ ಬಿಗಡಾಯಿಸಿ ಬಾಗಲಕೋಟೆಯ ದವಾಖಾನೆಗೆ ಒಯ್ಯಬೇಕಿತ್ತು. ಕಿವಿಯ ಬುಗುಡಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. “ಬ್ಯಾರೆ ಪತ್ತಾರ್ರು ಗ್ರಾಂ ಅಂತಾರವ್ವಾ, ನನಗ ತಿಳ್ಯಾಂಗಿಲ್ಲ. ನಿನ್ನ ಗಂಡನ ಗುಂಜಿ ಮ್ಯಾಲ ನನಗ ನಂಬಿಕಿ” ಅಂದಳು. ಹೇಗೆ ಇಲ್ಲವೆನ್ನಲಿ? ಬಲಗಡೆಯ ಖಾನೆಯಲ್ಲಿ ತೂಕದ ಗುಲಗಂಜಿಯ ಚೀಲ ಕೈಗೆ ಸಿಕ್ಕಿತು. ಒಂದೊಂದೇ ಕಾಳು ಇಟ್ಟು ತೂಗಿದೆ. ನಲವತ್ತಾರು ಗುಂಜಿ, ಅರ್ಧ ತೊಲೆಗೆ ಎರಡು ಕಡಿಮೆ. ರೊಕ್ಕ ಕೊಟ್ಟು ಕಳಿಸಿದೆ.

ಮರುದಿನ ಕಸ ಹೊಡೆಯುವಾಗ ಎಡಗಡೆಯ ಖಾನೆಯಲ್ಲಿ ಇನ್ನೊಂದು ಚೀಲ ಕಂಡಿತು. ಎರಡರಿಂದಲೂ ನಲವತ್ತು ನಲವತ್ತು ಕಾಳು ತಕ್ಕಡಿಗೆ ಹಾಕಿದೆ. ಬಲಗಡೆಯವು ಕೆಳಗೆ ಕೂತವು. ಕೊಳ್ಳಲು ಒಂದು ತೂಕ, ಮಾರಲು ಒಂದು ತೂಕ. ಹದಿನೆಂಟು ವರ್ಷ ಉಂಡ ರೊಟ್ಟಿ ಈ ಮೋಸದ್ದೇ ಎಂದು ಎರಡು ದಿನ ಒಲೆ ಹೊತ್ತಿಸಲಿಲ್ಲ. ಹಾಗೆ ಅಂದುಕೊಂಡದ್ದನ್ನು ಮುಚ್ಚಿಡಲಾರೆ.

ಆಮೇಲೆ ನಿಮ್ಮ ಕೈ ನೆನಪಾಯಿತು. ಯಾರಾದರೂ ಒಡವೆ ಮಾರಲು ಬಂದರೆ ಅದು ಎಡಕ್ಕೆ ಹೋಗುತ್ತಿತ್ತು, ಕೊಳ್ಳಲು ಬಂದರೆ ಬಲಕ್ಕೆ. ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದೆ. ಹಗುರ ಕಾಳಾದರೆ ಕಾಳು ಹೆಚ್ಚು ಹಿಡಿಯುತ್ತವೆ, ಮಾರುವವಳಿಗೆ ರೊಕ್ಕ ಹೆಚ್ಚು. ಭಾರದ ಕಾಳಾದರೆ ಕೊಳ್ಳುವವಳಿಗೆ ಬಂಗಾರ ಹೆಚ್ಚು. “ಕಾಳಿಗೆ ಕಾಳಿಗೆ ಫರಕ ಇರತೈತಿ. ಆ ಫರಕ ಗಿರಾಕಿ ಕಡೆ ಬೀಳಬೇಕು” ಎಂದು ಮಾವನವರು ಅನ್ನುತ್ತಿದ್ದುದು ಇದಕ್ಕೇ. ಆ ಅಂಗಡಿಯಲ್ಲಿ ಕಡಿಮೆ ತೂಗಿದವಳು ನಾನೊಬ್ಬಳೇ.

ಬುಗುಡಿ ಹಾಗೇ ಇತ್ತು. ಎಡಗಡೆಯ ಚೀಲದಿಂದ ತೂಗಿದೆ, ನಲವತ್ತೊಂಬತ್ತು. ಮೂರು ಗುಂಜಿಯ ರೊಕ್ಕ ಸೆರಗಿಗೆ ಕಟ್ಟಿಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಮಾಯವ್ವ ದವಾಖಾನೆಯ ಮೆಟ್ಟಿಲ ಮೇಲಿದ್ದಳು. “ಮೂರು ಗುಂಜಿ ಸಲುವಾಗಿ ಇಲ್ಲಿತನಕ ಬಂದ್ಯಾ, ಹುಚ್ಚಿ?” ಎಂದು ಬೈದಳು. ಆದರೂ ಎಣಿಸಿಕೊಂಡಳು. ತಾಯಿ, ಕೂಸು ಎರಡೂ ಪಾರಾಗಿವೆ.

ಬನಶಂಕರಿ ನಿಮ್ಮನ್ನು ಕಾಯಲಿ. ಗುರಪ್ಪನಿಗೆ ಆಶೀರ್ವಾದ.

ನಿಮ್ಮ
ಸಾವಿತ್ರೆವ್ವ

ತಾ.ಕ.: ಗುರಪ್ಪಾ, ಇದನ್ನು ಮೆಲ್ಲಗೆ ಓದು, ಬಾಜೂ ಮಂಚದವರಿಗೆ ಕೇಳಿಸಬಾರದು. ಎಡಗಡೆಯ ಚೀಲದ ದಾರಕ್ಕೆ ಒಂದು ಗಂಟು, ಬಲಗಡೆಯದಕ್ಕೆ ಎರಡು ಗಂಟು ಹಾಕಿದ್ದೇನೆ. ಪಟ್ಟಿ ಬಿಚ್ಚಿದ ಮೇಲೆ ಹೇಗೇ ಇರಲಿ, ನಿಮ್ಮ ಬೆರಳಿಗೆ ತಿಳಿಯುತ್ತದೆ. ಕಾಳು ನಾನು ಎಣಿಸುತ್ತೇನೆ.