ಗಿರಿಜೆಯ ಧಾರೆ ಸೀರೆ

ಹಂಗಳ, ನವೆಂಬರ್ ೧೨, ಬುಧವಾರ

ನಾನು ಶಾಂತಮಲ್ಲಮ್ಮ. ಈ ಮನೆಗೆ ಹೆಣ್ಣು ತರುವುದೂ ಇಲ್ಲಿಂದ ಕೊಡುವುದೂ ನನ್ನ ಮಾತಿನಂತೆಯೇ ನಡೆದಿದೆ. ಇವತ್ತು ಚಾಮರಾಜನಗರದಲ್ಲಿ ಒಬ್ಬ ಎಳೆಯ ಡಾಕ್ಟರಮ್ಮನ ಮಾತು ಕೇಳಿ ಬಂದೆ.

ಮೊಮ್ಮಗಳು ಮಧುಶ್ರೀ ಹುಟ್ಟಿದಾಗಿನಿಂದ ಅವಳ ಆರೋಗ್ಯ ನೋಡುತ್ತಿರುವ ಸಂಶೋಧನೆಯವರು ನಮ್ಮೆಲ್ಲರ ರಕ್ತವನ್ನೂ ಪರೀಕ್ಷಿಸಿದ್ದಾರೆ. ಅವಳಲ್ಲೂ ನನ್ನ ಕಿರಿಮಗ ದಿಲೀಪನಲ್ಲೂ ಒಂದೇ ದೋಷ ಅಡಗಿದೆಯಂತೆ. ಅವರಿಗೇನೂ ತೊಂದರೆಯಿಲ್ಲ; ಆದರೆ ಅವರಿಬ್ಬರೇ ಮದುವೆಯಾದರೆ ಹುಟ್ಟುವ ಮಗುವಿಗೆ ಕಿವಿ ಕೇಳದಿರಬಹುದು. ಅವಳು ತೊಟ್ಟಿಲಲ್ಲಿದ್ದಾಗಲೇ ಸೋದರಮಾವನಿಗೇ ಎಂದು ಮಾತು ಮುಗಿಸಿದವಳು ನಾನು. ದೋಷವೂ ನನ್ನಿಂದಲೇ ಹರಿದದ್ದಂತೆ.

ಮಧುಶ್ರೀಯ ತಾಯಿ, ನನ್ನ ಮಗಳು ಗಿರಿಜೆ ತೀರಿಕೊಂಡು ಹದಿನೆಂಟು ವರ್ಷ. ಅವಳದೇ ಮುಖದ ಈ ಹುಡುಗಿ ಸೊಸೆಯಾಗಿ ನನ್ನ ಹೊಸ್ತಿಲು ದಾಟಿ ಬರುವುದನ್ನೇ ಕಾದಿದ್ದೆ.

ಹೆರಿಗೆಯಲ್ಲಿ ತೆಗೆದ ಗಿರಿಜೆಯ ರಕ್ತ ಇನ್ನೂ ಶೀತಪೆಟ್ಟಿಗೆಯಲ್ಲಿ ಇದೆಯಂತೆ.

"ಒಂದ್ಸಲ ನೋಡ್ಬಹುದೇನವ್ವ?" ಎಂದೆ.

"ಅದು ಇಲ್ಲಿಲ್ಲ ಅಜ್ಜಿ, ಮೈಸೂರಲ್ಲಿದೆ."

ಯಾರನ್ನೂ ಏನನ್ನೂ ಬೇಡಿದವಳಲ್ಲ ನಾನು.

ಮನೆಗೆ ಬಂದವಳೇ ಉಮ್ಮತ್ತೂರಿಗೆ ಫೋನ್ ಮಾಡಿ, ಬೇರೆ ಕಡೆ ಗಂಡು ನೋಡಿ ಎಂದು ಅಳಿಯನಿಗೆ ಹೇಳಿದೆ. ಮಧುಶ್ರೀ ಉಟ್ಟು ಈ ಮನೆಗೆ ಬರಲೆಂದು ಇಟ್ಟಿದ್ದ ಗಿರಿಜೆಯ ಧಾರೆ ಸೀರೆಯನ್ನು ದಿಲೀಪನ ಕೈಗೆ ಕೊಟ್ಟೆ. ಅವಳು ಯಾರ ಕೈ ಹಿಡಿದರೂ ಅದನ್ನೇ ಉಡಲಿ.

"ಏನವ್ವ, ನನ್ ಮದುವೇನ ನನ್ ಬೈಕಲ್ಲೇ ವಾಪಸ್ ಕಳುಸ್ತಿದ್ದೀಯಲ್ಲ!"

"ಸುಮ್ಕೆ ಓಗ್ಲಾ."

ಸಂಜೆ ಕೊಟ್ಟು ಬಂದ. ಅವಳು ಆಗಲೇ ಹೆಗಲ ಮೇಲೆ ಹೊದ್ದು ನೋಡಿದಳಂತೆ.

"ಥೇಟ್ ಅಕ್ಕನಂಗೇ ಕಾಣ್ತಿದ್ಲು ಕಣವ್ವ," ಎಂದ.