ಕನ್ನಡಕ ತಂದಿಲ್ಲ

ಗಿಮ್ಲಿ, ಮ್ಯಾನಿಟೋಬಾ
ನವೆಂಬರ್ ೧೯

ಪ್ರೀತಿಯ ತಂಗಿ ಸಿಗ್ರುನ್,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಒಂದು ತಿಂಗಳು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಹೇಗಿದೆ? ಹೊಸ ಕರೆಂಟು ಕಂಬಳಿ ಹೊದ್ದರೆ ಹಾಯಾಗಿ ನಿದ್ದೆ ಬರುತ್ತದೆ ಎಂದು ಬರೆದಿದ್ದೆಯಲ್ಲ, ಸಂತೋಷ. ಇಲ್ಲಿ ಸರೋವರದ ಅಂಚು ಆಗಲೇ ಹೆಪ್ಪುಗಟ್ಟಿದೆ.

ಆ ಕರ್ಟಿಸ್‌ನ ಕಥೆ ಕೇಳು. ಹಣಕಾಸಿನ ಸಲಹೆಗಾರ, ನಿಮ್ಮ ವಿನ್ನಿಪೆಗ್‌ನವನೇ. ಹೋದ ವರ್ಷ ಮೊದಲ ಸಲ ಫೋನ್ ಮಾಡಿದಾಗ ನನ್ನನ್ನು "ಪೋರಾ ಮೇಡಂ" ಎಂದಿದ್ದ. ಥೋರಾ ಕಣಪ್ಪಾ ಎಂದು ತಿದ್ದಿ ನಕ್ಕಿದ್ದೆ. ಆಗಲೇ ಬುದ್ಧಿ ಬರಬೇಕಿತ್ತು. ಮನೆ ಮಾರಿದ ದುಡ್ಡನ್ನು ತನ್ನ ಕಂಪನಿಯಲ್ಲಿಟ್ಟರೆ ಯಾವಾಗ ಬೇಕಾದರೂ ತೆಗೆಯಬಹುದು ಎಂದು ಹೇಳಿ ಸಹಿ ಹಾಕಿಸಿಕೊಂಡ. ಸೆಪ್ಟೆಂಬರಿನಲ್ಲಿ ಹಿರಿಯರ ವಸತಿಯಲ್ಲಿ ಸರೋವರದ ಕಡೆಯ ಕೋಣೆ ಖಾಲಿಯಾಯಿತು. ನಾಲ್ಕು ವರ್ಷ ಕಾದ ಕೋಣೆ. ಮುಂಗಡ ಕಟ್ಟಲು ದುಡ್ಡು ಕೇಳಿದರೆ, ಹದಿನೈದು ವರ್ಷ ಮುಟ್ಟುವ ಹಾಗಿಲ್ಲವಂತೆ. ಕೋಣೆ ಬೇರೆಯವರ ಪಾಲಾಯಿತು. ನಾನಿನ್ನೂ ಈ ಬಾಡಿಗೆ ನೆಲಮಾಳಿಗೆಯಲ್ಲೇ ಇದ್ದೇನೆ.

ಅಳುತ್ತಾ ಕೂತೆ ಅಂದುಕೊಂಡೆಯಾ? ಹೋದ ತಿಂಗಳು ಚರ್ಚಿನ ಸಭಾಂಗಣದಲ್ಲಿ ಅವನು ವಯಸ್ಸಾದವರಿಗೆಲ್ಲ ಪುಕ್ಕಟೆ ಮೀನಿನೂಟ ಇಟ್ಟಿದ್ದ. ನಾನೂ ಹೋದೆ. ಹೊಟ್ಟೆ ತುಂಬ ತಿಂದೆ, ಬಿಡುವುದೇಕೆ. ಆಮೇಲೆ ನನ್ನ ಒಪ್ಪಂದಪತ್ರ ಹಿಡಿದು ಎದ್ದು ನಿಂತೆ.

"ಕನ್ನಡಕ ತಂದಿಲ್ಲ ಕಣಪ್ಪಾ. ಈ ಸಣ್ಣಕ್ಷರ ನೀನೇ ಓದಿ ಹೇಳು, ಎಲ್ರಿಗೂ ಕೇಳ್ಲಿ."

ಊಟ ಆಗಲಿ, ಆಮೇಲೆ ನೋಡೋಣ ಎಂದ. ಊಟ ಆಯಿತು ಎಂದೆ. ಮೀನು ಹಿಡಿಯುವ ಯೋನಾಸ್ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತ. ಕರ್ಟಿಸ್ ಓದಿದ. ಹದಿನೈದು ವರ್ಷಕ್ಕೆ ನನಗೆಷ್ಟು ವಯಸ್ಸಾಗಿರುತ್ತದೆ ಎಂದು ಕೇಳಿದೆ. "ತೊಂಬತ್ತಾರು" ಎಂದು ಗೊಣಗಿದ. ಸಿಹಿ ಬಡಿಸುವ ಮೊದಲೇ ಸಭಾಂಗಣ ಖಾಲಿ.

ಅವನ ಪರವಾನಗಿ ಕಿತ್ತುಕೊಳ್ಳಿ ಎಂದು ದೂರು ಕೊಟ್ಟಿದ್ದೇನೆ. ಹನ್ನೊಂದು ಜನ ಸಹಿ ಹಾಕಿದ್ದಾರೆ. ಅವತ್ತು ಸಭಾಂಗಣದ ಹೊರಗೆ ಕರ್ಟಿಸ್ ನನ್ನ ಕೈ ಹಿಡಿದುಕೊಂಡು, ಹೆಂಡತಿ ಮಕ್ಕಳಿದ್ದಾರೆ ಎಂದ. ನನಗೂ ಒಂದು ಕೋಣೆ ಇತ್ತು ಎಂದೆ. ಅವನ ಮುಖ ನೋಡಿ ಬಹಳ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ನಿನ್ನ ಮಕ್ಕಳು ಮೊಮ್ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಥೋರಾ

ಮರೆತಿದ್ದೆ: ದೂರು ಕೊಟ್ಟ ಮೇಲೆ ಕಂಪನಿಯವರು ನನ್ನ ಕಡತದ ಪ್ರತಿ ಕಳಿಸಿದರು. ಅದರಲ್ಲಿ ನನ್ನ ಹೆಸರು, ಫೋನ್ ನಂಬರು ಯಾರೋ ಬರೆದುಕೊಟ್ಟ ಚೀಟಿ ಇತ್ತು. ಹೆಸರಿನ ಮೊದಲಕ್ಷರ, ಅಮ್ಮ ನಮಗೆ ಕಲಿಸಿದ ಐಸ್‌ಲೆಂಡಿನ 'ಥ'. ನೋಡಲು ಇಂಗ್ಲಿಷಿನ 'ಪಿ' ಥರ ಇರುವುದರಿಂದ ಗೊತ್ತಿಲ್ಲದವರು ಅದನ್ನು 'ಪ' ಎಂದೇ ಓದುತ್ತಾರೆ. ನನ್ನ ಹೆಸರನ್ನು ಹಾಗೆ ಬರೆಯುವವಳು ಈಗ ನೀನೊಬ್ಬಳೇ. ಹೀಗೆ ಬೇರೆಯವರ ಹೆಸರು ಕೊಟ್ಟವರಿಗೆಲ್ಲ ಕರ್ಟಿಸ್ ಒಂದೊಂದು ಕರೆಂಟು ಕಂಬಳಿ ಕೊಟ್ಟಿದ್ದಾನಂತೆ. ಕ್ರಿಸ್‌ಮಸ್‌ಗೆ ಕರೆದಿದ್ದೀಯ, ಬರುತ್ತೇನೆ. ಚೀಟಿ ತರುತ್ತೇನೆ, ಕನ್ನಡಕ ತರುವುದಿಲ್ಲ. ಮೊಮ್ಮಕ್ಕಳ ಎದುರು ನೀನೇ ಓದಿ ಹೇಳು.